ಎಡಗೋಡೆಯ ಟಿವಿ, ಬಲಗೋಡೆಯ ಟಿವಿ

ಮೊನ್ನೆ ಎದುರು ಮನೆಯವರು ಹೊಸ ಟಿವಿ ತಂದರು. ಅಂಗಳದಲ್ಲೇ ಡಬ್ಬಿ ಬಿಚ್ಚಿ ಥರ್ಮಾಕೋಲ್ ಎಳೆದು ಹೊರಗಿಟ್ಟರು. ಹೊಸ ಪ್ಲಾಸ್ಟಿಕ್ಕು, ಹೊಸ ವೈರು, ಪರದೆಗೆ ಅಂಟಿಸಿದ ತೆಳು ಹಾಳೆ, ಇಷ್ಟೂ ಸೇರಿದ ವಾಸನೆ ಬೀದಿ ದಾಟಿ ನಮ್ಮ ಹೊಸ್ತಿಲಿಗೆ ಬಂತು. ಆ ಮನೆಯ ಮಕ್ಕಳು ಕುಣಿಯುತ್ತಿದ್ದರು. ನನಗೆ ಮಾತ್ರ ಯಾರೋ ನನ್ನನ್ನು ಅಂಗಡಿಯೊಳಗೆ ಹಾಕಿ ಶಟರ್ ಎಳೆದಂತಾಯಿತು. ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ನಿಂತೆ.

ಬಿ.ಎಡ್ ಮುಗಿಸಿದ ವರ್ಷ ದಸರೆಯಿಂದ ಸಂಕ್ರಾಂತಿಯವರೆಗೆ ನಾನು ಆಂಧ್ರದ ಗಡಿಯ ಆದವಾನಿಯಲ್ಲಿ ಒಂದು ಟಿವಿ ಅಂಗಡಿಯಲ್ಲಿದ್ದೆ. ಹತ್ತಿಯ ಕಾಲ. ಮಾರ್ಕೆಟ್ ಯಾರ್ಡಿಗೆ ಹೋಗುವ ಟ್ರ್ಯಾಕ್ಟರುಗಳು ಬೆಳಗಿನಿಂದ ದಾರಿ ಕಟ್ಟಿ ನಿಲ್ಲುತ್ತಿದ್ದವು. ಜಿನ್ನಿಂಗ್ ಮಿಲ್ಲುಗಳಿಂದ ಹಾರುವ ಅರಳೆ ರೆಪ್ಪೆಯ ಮೇಲೆ ಕೂರುತ್ತಿತ್ತು, ಊಟದ ಡಬ್ಬಿಯಲ್ಲಿ ಬೀಳುತ್ತಿತ್ತು. ಹತ್ತಿ ಮಾರಿದವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಆ ಮೂರು ತಿಂಗಳಲ್ಲೇ ಆದವಾನಿಯಲ್ಲಿ ಟಿವಿ, ಫ್ರಿಜ್ಜು, ಬಂಗಾರ ಎಲ್ಲ ಮಾರಾಟವಾಗುವುದು. ಮದುವೆಗಳೂ ಅದರ ಹಿಂದೆಯೇ ಬರುತ್ತವೆ.

ನಮ್ಮದು ಕೋಸಗಿ ಹತ್ತಿರದ ಹಳ್ಳಿ. ದಸರೆ ಮುಗಿದರೆ ಅರ್ಧ ಊರು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗುತ್ತದೆ. ನಾವು ಕುರಿ ಸಾಕುವವರು, ಹಿಂಡು ಬಿಟ್ಟು ಹೋಗಲಾಗದೆ ಉಳಿದೆವು. ಉಳಿದದ್ದರಿಂದ ನನಗೆ ಶಾಲೆ ತಪ್ಪಲಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದೆ, ಇಂಟರ್‌ಗೆ, ಅಂದರೆ ಪಿಯುಸಿಗೆ, ತೆಲುಗಿನಲ್ಲಿ ಬಿದ್ದು ಎದ್ದೆ, ಡಿಗ್ರಿಯಲ್ಲಿ ಇಂಗ್ಲಿಷನ್ನು ಪಾಠಕ್ಕಿಂತ ಮೊದಲು ಕಲಿಯಬೇಕಾಯಿತು. ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್. ಆಮೇಲೆ ಬಿ.ಎಡ್. ನಮ್ಮ ಮನೆತನದಲ್ಲಿ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಬಂದ ಮೊದಲ ಹೆಸರು ನನ್ನದು: ಸುಂಕಮ್ಮ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಅಪ್ಪ ಕರಿಯಪ್ಪನಿಗೆ ಓದಲು ಬರುವುದಿಲ್ಲ. ಆದರೂ ಆ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ ಬೀರಪ್ಪ ದೇವರ ಪಟದ ಪಕ್ಕ ಮೊಳೆ ಹೊಡೆದಿದ್ದ. ನೆಂಟರು ಬಂದರೆ ದೇವರಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದ.

ಶಿಕ್ಷಕರ ನೇಮಕಾತಿಯ ಪ್ರಕಟಣೆ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾಯುತ್ತಿದ್ದೆ. ನಮ್ಮ ಕಡೆಯ ಕನ್ನಡ ಶಾಲೆಗಳಿಗೆ ಇರುವುದೇ ಕೆಲವು ಹುದ್ದೆ. ಬರೀ ಕೂತು ಕಾದರೆ ಬಾಯಿಗೆ ಬಂದಂತೆ ಆಡುವವರಿದ್ದರು, ಅದಕ್ಕೇ ಅಂಗಡಿ ಸೇರಿದೆ. ಒಂದು ಟಿವಿ ಕಂಪನಿಯ ಪರವಾಗಿ ಅಂಗಡಿಯಲ್ಲಿ ನಿಂತು, ಬಂದವರಿಗೆ ಅದನ್ನೇ ಕೊಡಿಸುವ ಕೆಲಸ. ಪ್ರಮೋಟರ್ ಅನ್ನುತ್ತಾರೆ. ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಬಂದು, ಚೂಡಿದಾರದ ಮೇಲೆ ಕಂಪನಿಯ ಟೀ ಶರ್ಟ್ ಹಾಕಿಕೊಂಡು ನಿಂತರೆ ಸಂಜೆಯವರೆಗೆ ನಿಂತೇ ಇರಬೇಕು. ಪ್ರಮೋಟರಿಗೆ ಕುರ್ಚಿ ಇಲ್ಲ. ಅಂಗಡಿಗೆ ಕಿಟಕಿಯೂ ಇಲ್ಲ. ಹೊರಗಿನ ಬೆಳಕು ಬಿದ್ದರೆ ಪರದೆ ಮಂಕಾಗುತ್ತದೆ ಎಂದು ಮುಚ್ಚಿಸಿದ್ದರು. ಸುತ್ತ ಇಪ್ಪತ್ತು ಟಿವಿ, ನಮ್ಮ ಕಂಪನಿಯವುಗಳಲ್ಲೆಲ್ಲ ಅದೇ ಗಿಣಿ, ಅದೇ ಜಲಪಾತ, ಅದೇ ಕೊಯ್ದ ದಾಳಿಂಬೆ. ಮಳೆ ಬಂದರೂ ತಿಳಿಯುತ್ತಿರಲಿಲ್ಲ, ಹೊತ್ತು ಮುಳುಗಿದರೂ ತಿಳಿಯುತ್ತಿರಲಿಲ್ಲ.

ಕಂಪನಿಗಳ ಹೆಸರು ಬೇಡ. ನಾನು ಮಾರುತ್ತಿದ್ದದ್ದು ಎಡಗೋಡೆಯದು. ಬಲಗೋಡೆಯ ಮೇಲೆ ಬೇರೆ ಕಂಪನಿಯವು, ಅದಕ್ಕೆ ನಮ್ಮ ಅಂಗಡಿಯಲ್ಲಿ ಪ್ರಮೋಟರ್ ಇರಲಿಲ್ಲ. ಎಡಗೋಡೆಯ ಟಿವಿಯ ಎದುರು ನಿಂತರೆ ಕಪ್ಪು ಕಪ್ಪಾಗಿ, ಕೆಂಪು ಕೆಂಪಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದರೆ ಆ ಬಣ್ಣವೆಲ್ಲ ತೊಳೆದುಹೋಗುತ್ತಿತ್ತು. ಬಲಗೋಡೆಯದು ಎದುರಿನಿಂದ ಅಷ್ಟು ಝಗಝಗಿಸುವುದಿಲ್ಲ, ಆದರೆ ಯಾವ ಮೂಲೆಯಿಂದ ನೋಡಿದರೂ ಚಿತ್ರ ಹಾಗೇ ನಿಲ್ಲುತ್ತದೆ. ಪರದೆಯ ಜಾತಿಯೇ ಬೇರೆ. ನನಗಿದು ಪುಸ್ತಕದಿಂದ ಗೊತ್ತಿತ್ತು, ಎರಡು ವಾರದಲ್ಲಿ ಕಣ್ಣಿಗೂ ಗೊತ್ತಾಯಿತು.

ದಿನಾ ಬೆಳಗ್ಗೆ ಗಿರಾಕಿ ಬರುವ ಮೊದಲು ನನಗೊಂದು ಕೆಲಸವಿತ್ತು. ಎಡಗೋಡೆಯ ಟಿವಿಗಳಿಗೆ ಆ ಗಿಣಿ, ಜಲಪಾತಗಳಿರುವ ಕಂಪನಿಯ ಪೆನ್‌ಡ್ರೈವ್ ಚುಚ್ಚಿ, ಬೆಳಕನ್ನು ತುದಿಗೇರಿಸುವುದು. ಬಲಗೋಡೆಯವಕ್ಕೆ ಬೆಳಕು ಇಳಿಸಿ, ಬಣ್ಣ ಇಳಿಸಿ, ಕೇಬಲ್ಲಿನ ಯಾವುದಾದರೂ ಮಸುಕು ಚಾನೆಲ್ ಹಚ್ಚುವುದು. ಮೊದಲ ವಾರ ಅಂಗಡಿ ಸಾಹುಕಾರರನ್ನು ಕೇಳಿದೆ, ಹೀಗೆ ಮಾಡುವುದು ತಪ್ಪಲ್ಲವೇ ಎಂದು. ಅವರು ಸಿಟ್ಟಾಗಲಿಲ್ಲ. ಸೀರೆ ಅಂಗಡಿಯವರು ಲೈಟು ಹಾಕಿ ಸೀರೆ ತೋರಿಸುವುದಿಲ್ಲವೇ, ಇದೂ ಹಾಗೇ ಅಂದರು. ಮರುದಿನದಿಂದ ಕೇಳದೆ ಮಾಡಿದೆ.

ನಮ್ಮ ಮಂದಿ ಟಿವಿ ಕೊಳ್ಳುವ ರೀತಿ ಒಂದೇ. ಐದಾರು ಗಂಡಸರು ಬರುತ್ತಾರೆ, ಟಿವಿಯ ನೇರಕ್ಕೆ, ಪೊಲೀಸರು ನಿಲ್ಲಿಸಿದಂತೆ ಸಾಲಾಗಿ ನಿಲ್ಲುತ್ತಾರೆ. ಸೈಜ್ ಎಷ್ಟು, ಮೊಬೈಲ್ ಪಿಚ್ಚರ್ ಬರುತ್ತದಾ, ಸೌಂಡು ಎಷ್ಟು, ಬಾಯಲ್ಲಿ ಹೇಳಿದರೆ ಕೇಳುತ್ತದಾ. ಎಡ ನೋಡುತ್ತಾರೆ, ಬಲ ನೋಡುತ್ತಾರೆ, ಎಡದ್ದೇ ಕಟ್ಟಿಸುತ್ತಾರೆ. ಮನೆಗೆ ಹೋದರೆ ಯಾರೂ ಹಾಗೆ ಸಾಲಾಗಿ ನಿಂತು ಟಿವಿ ನೋಡುವುದಿಲ್ಲ.

ಆ ಮೂರು ತಿಂಗಳಲ್ಲೇ ನನ್ನ ಮದುವೆಯೂ ಗೊತ್ತಾಗಿತ್ತು. ಆಲೂರಿನ ಕಡೆಯ ಗಂಡು, ಲಿಂಗರಾಜ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವ. ತಂದೆ ಇಲ್ಲ. ತಾಯಿ ಗಂಗಮ್ಮ. ಮನೆ ನಡೆಸುವವನು ದೊಡ್ಡಪ್ಪ ಮಲ್ಲಯ್ಯ. ದಸರೆಯಲ್ಲಿ ಬಂದು ನನಗೆ ಹೂ ಮುಡಿಸಿ ಹೋದರು. ಸಂಕ್ರಾಂತಿ ಕಳೆದು ಮದುವೆ. ನನಗದು ಬೇಡವಾಗಿತ್ತು, ಆದರೆ ಬೇಡ ಅನ್ನಲು ನಾಲ್ಕು ಜನರ ಎದುರು ನಿಲ್ಲುವಂಥ ಕಾರಣ ಇರಲಿಲ್ಲ. ಹುಡುಗ ಕುಡಿಯುವವನಲ್ಲ, ಜೂಜಾಡುವವನಲ್ಲ. ಮದುವೆಯಾದ ಮೇಲೆ ನೇಮಕಾತಿ ಪರೀಕ್ಷೆ ಬರೆಯಬಹುದಾ ಎಂದು ಫೋನಿನಲ್ಲಿ ಕೇಳಿದಾಗ, ದೊಡ್ಡಪ್ಪನನ್ನು ಕೇಳಬೇಕು ಅಂದ. ಎರಡು ದಿನ ಬಿಟ್ಟು ದೊಡ್ಡಪ್ಪನ ಉತ್ತರ ಅಪ್ಪನ ಕಿವಿಗೆ ಬಂತು: ಮನೆಗೆ ಬರುವ ಸೊಸೆಗೆ ಪರೀಕ್ಷೆ ಯಾಕೆ. ಅಪ್ಪ ಅದನ್ನು ನನಗೆ ಹೇಳುವಾಗ ನೆಲ ನೋಡುತ್ತಿದ್ದ. ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಅಂದ. ಆ ಸರ್ಟಿಫಿಕೇಟು ಇನ್ನು ಗೋಡೆಯಲ್ಲೇ ಇರುತ್ತದೆ, ನಾನು ಆಲೂರಿಗೆ ಹೋಗುತ್ತೇನೆ ಎಂದು ಅವತ್ತು ತಿಳಿಯಿತು. ರೈಲಿನಲ್ಲಿ, ಅಂಗಡಿಯಲ್ಲಿ, ಕನಸಿನಲ್ಲಿ ಕಾರಣ ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ.

ಈಗೀಗ ನಮ್ಮಲ್ಲೊಂದು ಪದ್ಧತಿ ಬಂದಿದೆ. ಹೆಣ್ಣಿನ ಕಡೆಯವರು ಕೊಡುವ ಟಿವಿಯನ್ನು ಮದುವೆಯ ಹಂದರದಲ್ಲಿ ಡಬ್ಬಿಯಿಂದ ತೆಗೆದು, ಮಂಚದ ಪಕ್ಕ, ಪಾತ್ರೆಗಳ ಸಾಲಿನ ಮುಂದೆ, ಕರೆಂಟು ಕೊಟ್ಟು ಓಡುತ್ತಿರುವಂತೆ ಇಡಬೇಕು. ಉಂಡು ಎದ್ದವರು ಕೈ ಒರೆಸಿಕೊಳ್ಳುತ್ತ ಅದರ ಮುಂದೆ ನಿಂತು ಯಾವ ಕಂಪನಿ, ಎಷ್ಟು ಇಂಚು ಎಂದು ನೋಡುತ್ತಾರೆ. ಅದಕ್ಕೇ ಆರಿಸುವವರು ಗಂಡಿನ ಕಡೆಯವರು, ಕೊಡುವವರು ನಾವು. ಅಪ್ಪ ಅದಕ್ಕಾಗಿ ಮಾರಲೆಂದು ಎರಡು ಟಗರು ಬೇರೆ ಕಟ್ಟಿದ್ದ. ಸೊಸೆಯಾಗುವವಳೇ ಟಿವಿ ಅಂಗಡಿಯಲ್ಲಿರುವಾಗ ಬೇರೆ ಕಡೆ ಯಾಕೆ ಎಂದು ಮಲ್ಲಯ್ಯ ನಮ್ಮ ಅಂಗಡಿಯನ್ನೇ ಹೇಳಿಕಳಿಸಿದ.

ಕಾರ್ತಿಕದ ಒಂದು ಮಧ್ಯಾಹ್ನ ಬಂದರು. ಮಲ್ಲಯ್ಯ ಮುಂದೆ, ಲಿಂಗರಾಜ ಹಿಂದೆ, ಅವರ ಹಿಂದೆ ಗಂಗಮ್ಮ. ಕೊನೆಗೆ ಅಪ್ಪ. ಗಾಜಿನ ಬಾಗಿಲು ನೋಡಿ ಅಪ್ಪ ಕೆರ ಹೊರಗೇ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದ. ನಾನು ಟೀ ಶರ್ಟಿನಲ್ಲಿ ನಿಂತಿದ್ದೆ. ಮದುಮಗಳಾದರೆ ತಲೆ ತಗ್ಗಿಸಬೇಕು, ಪ್ರಮೋಟರ್ ಆದರೆ ಗಟ್ಟಿಯಾಗಿ ಮಾತಾಡಬೇಕು. ಸಾಹುಕಾರರು ಸೋಡಾ ತರಿಸಿ, ನಿಮ್ಮ ಸೊಸೆಯೇ ತೋರಿಸುತ್ತಾಳೆ ಎಂದು ನಕ್ಕರು. ಆ ವಾರದ ನನ್ನ ಗುರಿಗೆ ಇನ್ನೊಂದೇ ದೊಡ್ಡ ಟಿವಿ ಬಾಕಿಯಿತ್ತು, ಅವರ ನಗುವಿನಲ್ಲಿ ಅದೂ ಇತ್ತು.

"ಯಾವ್ದು ಚಲೋ ಐತಿ ಹೇಳವಾ," ಅಂದ ಮಲ್ಲಯ್ಯ, "ನೀ ಓದಿದಾಕಿ. ನಾವು ಕುರಿ ಹಲ್ಲು ನೋಡಿ ತರೋ ಮಂದಿ."

ನಾನು ದಿನಾ ಒಪ್ಪಿಸುವ ಪಾಠ ಒಪ್ಪಿಸಿದೆ. ಇಂಚು, ಸೌಂಡು, ಮೊಬೈಲ್ ಜೋಡಿಸುವುದು, ಬಾಯಿಮಾತಿಗೆ ಓಡುವ ರಿಮೋಟು. ಮಲ್ಲಯ್ಯ ಆ ರಿಮೋಟನ್ನು ಬಾಯಿಗೆ ಹತ್ತಿರ ಹಿಡಿದು, ಹೊಲದಾಚೆಯವನನ್ನು ಕರೆಯುವ ದನಿಯಲ್ಲಿ ಒಂದು ಸಿನಿಮಾ ಹಚ್ಚು ಅಂದ. ಅದು ಯಾವುದೋ ಅಡುಗೆಯ ಕಾರ್ಯಕ್ರಮ ತೋರಿಸಿತು. ಗಂಡಸರೆಲ್ಲ ನಕ್ಕರು. ಆದರೂ ತನ್ನ ಮಾತಿಗೆ ಒಂದು ಸಾಮಾನು ಅಲುಗಿತಲ್ಲ ಎಂದು ಅವನಿಗೆ ಸಂತೋಷವೇ ಆಯಿತು. ಬಲಗೋಡೆಯ ಕಡೆ ಒಮ್ಮೆ ತಿರುಗಿ, ಕಣ್ಣಿಗೆ ಪೊರೆ ಬಂದಂಗ ಐತಿ ಎಂದು ಮುಖ ತಿರುಗಿಸಿದ.

ಲಿಂಗರಾಜ ಎರಡನ್ನೂ ನೋಡಿ, "ನೀ ಏನಂತಿ?" ಎಂದು ನನ್ನನ್ನು ಕೇಳಿದ. ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಬಾಯಿ ತೆರೆಯುವುದರೊಳಗೆ ಮಲ್ಲಯ್ಯ, "ಆಕಿನ್ನೇನ್ ಕೇಳ್ತಿ, ಆಕಿ ಮಾರಾಕ ನಿಂತಾಳ," ಅಂದ. ಲಿಂಗರಾಜ ಫೋನ್ ತೆಗೆದು ಅದನ್ನು ನೋಡತೊಡಗಿದ.

ಎಡಗೋಡೆಯ ದೊಡ್ಡದು ಎಂದು ತೀರ್ಮಾನವಾಯಿತು. ಸಾಹುಕಾರರು ಬಿಲ್ಲಿನ ಮೇಜಿಗೆ ಹೋದರು. ಆಗ ನನ್ನ ಕಣ್ಣು ಗಂಗಮ್ಮನ ಮೇಲೆ ಬಿತ್ತು. ಆಕೆ ಗಂಡಸರ ಸಾಲಿಗೆ ಬಂದೇ ಇರಲಿಲ್ಲ. ವಾಷಿಂಗ್ ಮಷಿನ್‌ಗಳ ಹತ್ತಿರ, ತೀರಾ ಪಕ್ಕದಲ್ಲಿ ನಿಂತು, ಕಣ್ಣು ಕಿರಿದು ಮಾಡಿ ಟಿವಿ ನೋಡುತ್ತಿದ್ದಳು. ಕಾಣಿಸುತ್ತದಾ ಎಂದು ಕೇಳಿದೆ.

"ಕಾಣಸ್ತೈತವಾ. ಒಂದೀಟು ಬೂದಿ ಬಡದಂಗ ಐತಿ."

"ಮನ್ಯಾಗ ಎಲ್ಲಿ ಕುಂದರ್ತೀರಿ ಅತ್ತಿ, ಟಿವಿ ನೋಡಾಕ?"

"ಅಡಗಿ ಮನಿ ಬಾಗಲ್ದಾಗ. ಒಲಿ ಮ್ಯಾಲ ಒಂದು ಕಣ್ಣು ಇರ್ಬೇಕಲ್ಲ."

ನಮ್ಮವ್ವನೂ ಅಲ್ಲೇ ಕೂರುವುದು. ನಾನು ಹೋದ ಯಾವ ಮನೆಯಲ್ಲೂ ಹೆಂಗಸರು ಬೇರೆ ಕಡೆ ಕೂತದ್ದನ್ನು ನೋಡಿರಲಿಲ್ಲ. ಇಷ್ಟು ದಿನ ಎಷ್ಟು ಬಾಗಿಲುಗಳಿಗೆ ಬೂದಿ ಬಡಿದ ಟಿವಿ ಕಟ್ಟಿಕೊಟ್ಟೆನೋ. ಕೈ ತಾನಾಗಿ ಬಲಗೋಡೆಯ ರಿಮೋಟಿಗೆ ಹೋಯಿತು. ಬೆಳಗ್ಗೆ ಇಳಿಸಿದ್ದ ಬೆಳಕನ್ನು ಏರಿಸಿದೆ, ಬಣ್ಣವನ್ನು ಮೊದಲಿನ ಜಾಗಕ್ಕೆ ತಂದೆ, ಎಡಗೋಡೆಯ ಪೆನ್‌ಡ್ರೈವ್ ಕಿತ್ತು ಅದಕ್ಕೆ ಚುಚ್ಚಿದೆ. ಗಂಗಮ್ಮನ ಕೈ ಹಿಡಿದು ಅದರ ಪಕ್ಕದ ಮೂಲೆಗೆ ತಂದು ನಿಲ್ಲಿಸಿದೆ.

"ಗಿಣಿ ಹಸರ ಐತಿ," ಅಂದಳು ಆಕೆ, ಸೆರಗನ್ನು ಬಾಯಿಗೆ ಹಿಡಿದು. ಅವತ್ತು ಆಕೆ ನಕ್ಕದ್ದು ಅದೊಂದೇ ಸಲ.

ನಾನು ಗಂಡಸರಿಗೂ ಹೇಳಿದೆ, ಇಲ್ಲಿ ಬಂದು ನಿಂತು ಎರಡನ್ನೂ ನೋಡಿ ಎಂದು. ಲಿಂಗರಾಜ ಒಂದು ಹೆಜ್ಜೆ ಎತ್ತಿ, ದೊಡ್ಡಪ್ಪನ ಮುಖ ನೋಡಿ ನಿಂತ. ಮಲ್ಲಯ್ಯ ನಿಂತಲ್ಲಿಂದ ಅಲುಗಲಿಲ್ಲ.

"ಬಾಗಲ್ದಾಗ ಕುಂತು ನೋಡಾಕಿ ಬಣ್ಣ ಕಟಗೊಂಡು ಏನ್ ಮಾಡ್ತಾಳ? ಟಿವಿ ನೋಡೋರು ನಾವು." ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಮಗಳಿಗೆ ಹೇಳುವಂತೆ ಹೇಳಿದ: "ನೀನೂ ನಾಳಿ ಅಲ್ಲೇ ಕುಂದ್ರಾಕಿ. ರೂಢಿ ಆಗ್ತೈತಿ."

ಸಾಹುಕಾರರು ನಕ್ಕರು. ಲಿಂಗರಾಜ ನಕ್ಕ. ಅಪ್ಪನೂ, ಬರಿಗಾಲಲ್ಲಿ ನಿಂತಿದ್ದ ಅಪ್ಪನೂ, ಬೀಗರ ಮಾತಿಗೆ ನಗದಿದ್ದರೆ ಆಗುವುದಿಲ್ಲ ಎಂಬಂತೆ ಹಲ್ಲು ಬಿಟ್ಟ. ಆ ಕಿಟಕಿ ಇಲ್ಲದ ಅಂಗಡಿ ಅವತ್ತು ಇನ್ನೂ ಸಣ್ಣದಾಯಿತು.

ಎಡಗೋಡೆಯದನ್ನೇ ಬರೆಸಿದರು. ಎಲ್ಲರೂ ಹೊರಗೆ ಆಟೋ ಹತ್ತುತ್ತಿರುವಾಗ ಗಂಗಮ್ಮ ಒಂದು ಗಳಿಗೆ ಹಿಂದೆ ಉಳಿದಳು. ನನ್ನ ಟೀ ಶರ್ಟಿನ ತೋಳಿಗೆ ಅಂಟಿದ್ದ ಅರಳೆಯನ್ನು ಚಿವುಟಿ ತೆಗೆಯುತ್ತ ಮೆಲ್ಲಗೆ ಹೇಳಿದಳು.

"ಆ ಬಾಗಲ ಭಾಳ ಸಣ್ಣದೈತವಾ. ಒಬ್ಬಾಕಿ ಕುಂದ್ರಾಕಷ್ಟ ಜಾಗ. ನಾ ಕುಂತು ಮೂವತ್ತು ವರ್ಷ ಆತು."

ಬರಬೇಡ ಎಂದು ಆಕೆ ಹೇಳಿದ್ದು ನನಗೆ ತಿಳಿಯಿತು. ನಾನು ತಲೆಯಾಡಿಸುವಷ್ಟರಲ್ಲಿ ಆಕೆ ಹೊರಗೆ ಹೋಗಿಬಿಟ್ಟಿದ್ದಳು.

ಅವರು ಹೋದ ಮೇಲೆ ಸಾಹುಕಾರರು ನನ್ನನ್ನು ಕರೆದು, ಬಲಗೋಡೆಯ ಬೆಳಕು ಏರಿಸಿದ ಕೈಯನ್ನು ಮನೆಗೆ ಕಳಿಸಬೇಕು, ಆದರೆ ಸೀಸನ್ನಿನಲ್ಲಿ ಬೇರೆ ಮಂದಿ ಸಿಗುವುದಿಲ್ಲ ಅಂದರು. ಮೊದಲಿನಂತೆ ಇಳಿಸು ಅಂದರು. ಇಳಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಆ ಸಂಬಳ ನಮ್ಮ ಮನೆಗೆ ಬೇಕಿತ್ತು.

ಸಂಜೆ ಅಪ್ಪನೂ ನಾನೂ ಒಂದೇ ರೈಲಿನಲ್ಲಿ ಕೋಸಗಿಗೆ ಹೊರಟೆವು. ಕೂರಲು ಜಾಗವಿಲ್ಲದೆ ಗಂಟುಗಳ ಮೇಲೆ ಕೂತೆವು. ಊರು ಹತ್ತಿರವಾಗುತ್ತಿದ್ದಂತೆ, ಈಗ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಅನಿಸಿತು. ಈ ಮದುವೆ ಬೇಡ ಅಂದೆ. ಅಪ್ಪ ಕೇಳಿಸದವನಂತೆ ಹೊರಗೆ ನೋಡಿದ. ಕೋಸಗಿಯಲ್ಲಿ ಇಳಿದು, ಮಂದಿಯೆಲ್ಲ ಹೋದ ಮೇಲೆ, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ.

"ಹುಡುಗ ಕುಡಿಯಂಗಿಲ್ಲ. ಬಡಿಯೋ ಪೈಕಿ ಅಲ್ಲ. ನಾಕು ಮಂದ್ಯಾಗ ಏನಂತ ಹೇಳ್ಲಿ?"

"ಟಿವಿ ಹಿಡಿಸ್ಲಿಲ್ಲಂತ ಹೇಳು."

"ನಗ್ತಾರವಾ."

"ನಗಲಿ."

ಗೂಡ್ಸ್ ಗಾಡಿಯೊಂದು ನಿಲ್ಲದೆ ದಾಟಿ ಹೋಯಿತು. ಅಪ್ಪ ಅದರ ಕೊನೆಯ ಡಬ್ಬಿ ಹೋಗುವುದನ್ನು ನೋಡಿದ. ಆಮೇಲೆ, "ನಾನೂ ನಕ್ಕೆನಲ್ಲ, ಅಂಗಡ್ಯಾಗ," ಅಂದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದ. ಮನೆಯವರೆಗೂ ನನ್ನ ಮುಂದೆ ನಡೆದ, ತಿರುಗಿ ನೋಡಲಿಲ್ಲ.

ಅದೇ ವಾರ ಇಬ್ಬರು ಹಿರಿಯರನ್ನು ಕರೆದುಕೊಂಡು ಆಲೂರಿಗೆ ಹೋಗಿ ಹೇಳಿ ಬಂದ. ಅಲ್ಲಿ ಏನೇನು ಅಂದರೋ ಪೂರ್ತಿ ಹೇಳಲಿಲ್ಲ. ಟಿವಿಯ ಆರ್ಡರು ರದ್ದಾಯಿತು, ನನ್ನ ಗುರಿ ತಪ್ಪಿತು, ಸಾಹುಕಾರರು ಎಲ್ಲರ ಮುಂದೆ ಬೈದರು. ಊರಲ್ಲಿ ನನಗೆ ಹೊಸ ಹೆಸರು ಬಂತು. ಕಂಪನಿ ಸರಿಬರಲಿಲ್ಲ ಎಂದು ಗಂಡನ್ನೇ ಬಿಟ್ಟವಳು. ರೈಲಿನಲ್ಲಿ ಗುರುತಿಲ್ಲದವರೂ ನೋಡಿ ಪಿಸುಗುಟ್ಟುತ್ತಿದ್ದರು. ಹೆಣ್ಣು ನೋಡಲು ಯಾರೂ ಬರಲಿಲ್ಲ, ನೇಮಕಾತಿಯ ಪ್ರಕಟಣೆಯೂ ಬರಲಿಲ್ಲ. ಅವ್ವ ಊಟಕ್ಕೆ ಕರೆಯುವಾಗಲೂ ಹೆಸರು ಹಿಡಿಯುತ್ತಿರಲಿಲ್ಲ. ಆಲೂರಿನ ಬಾಗಿಲು ತಪ್ಪಿತು, ಆದರೆ ಬೇರೆ ಬಾಗಿಲು ಯಾವುದೂ ತೆರೆಯಲಿಲ್ಲ. ದಿನಾ ಅದೇ ರೈಲು, ಅದೇ ಗೋಡೆಗಳು.

ಸಂಕ್ರಾಂತಿಗೆ ವಾರವಿರುವಾಗ ಅಪ್ಪ ಕುರಿ ಮಾರಲು ಆಲೂರಿನ ಸಂತೆಗೆ ಹೋಗಿದ್ದ. ಬಂದವನು ಕೈಕಾಲು ತೊಳೆದು, ಅವ್ವ ಹಿತ್ತಲಿಗೆ ಹೋಗುವುದನ್ನು ಕಾದು, ನನ್ನ ಹತ್ತಿರ ಕೂತ. ಸಂತೆಯಲ್ಲಿ ಗಂಗಮ್ಮ ಸಿಕ್ಕಿದ್ದಳಂತೆ. ತಾನಾಗಿ ಬಂದು ಮಾತಾಡಿಸಿದಳಂತೆ.

"ಬಲಗ್ವಾಡಿ ಟಿವಿ ಹೆಸರು ಕೇಳಿದ್ಲು. ಮನಿಯಾಗ ಟಿವಿ ತರ್ತಾರಂತ. ಒಂದು ಚೀಟ್ಯಾಗ ಬರ್ದು ಕೊಡು, ಮುಂದಿನ ಸಂತಿಗೆ ಒಯ್ತೀನಿ."

"ಆಕಿಗೆ ಓದಾಕ ಬರ್ತೈತೇನು?"

"ಬರಂಗಿಲ್ಲಂತ. ಯಾರ ಕಡಿಂದರ ಓದಸ್ತೀನಿ ಅಂದ್ಲು."

ನನ್ನ ಬಿ.ಎಡ್ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದೆ. ಕಂಪನಿಯ ಹೆಸರನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದೆ. ಕೆಳಗೆ ಮಾಡೆಲ್ ನಂಬರು. ಅದರ ಕೆಳಗೆ, ಎದುರಿಗೆ ನಿಂತು ನೋಡಬೇಡಿ, ಪಕ್ಕದಲ್ಲಿ ನಿಂತು ನೋಡಿ ಎಂದು ಬರೆದೆ. ಬರೆದ ಮೇಲೆ, ಇದನ್ನು ಓದಿ ಹೇಳುವವನು ಮಲ್ಲಯ್ಯನೇ ಆದರೆ ಎಂಬ ಯೋಚನೆ ಬಂತು. ಆ ಹಾಳೆಯನ್ನು ಹರಿದು ಒಲೆಗೆ ಹಾಕಿ, ಇನ್ನೊಂದರಲ್ಲಿ ಬರೀ ಹೆಸರು ಬರೆದೆ. ಎಲ್ಲಿ ನಿಂತು ನೋಡಬೇಕು ಎಂಬುದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತು.